ಕೊನೆಯ ಅಂಕಿ ಸುಳ್ಳು ಹಿಡಿಯುತ್ತದೆ, ನಿಜಕ್ಕೆ ಸಾಕ್ಷಿ ಹೇಳುವುದಿಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಕೃಷಿ ಹೊಂಡ ತೋಡಿಸಿ ಬಿಲ್ಲು ಬಾರದೆ ಕೂತಿದ್ದ ರೈತರ ಸುದ್ದಿ ಮಾಡಲು ನಾವು ಒಂದು ಊರಿಗೆ ಹೋಗಿದ್ದೆವು. ಅರಳಿಕಟ್ಟೆ ಮೇಲೆ ಕೂತಿದ್ದವರೊಬ್ಬರು ಕೈಬರಹದ ಪಟ್ಟಿಯೊಂದರ ಜೆರಾಕ್ಸ್ ಕೊಟ್ಟರು. ಅದರಲ್ಲಿ ರೈತರ ಹೆಸರು, ಸರ್ವೆ ನಂಬರ್, ಹೊಂಡದ ಮೇಲ್ಭಾಗದ ವಿಸ್ತೀರ್ಣ ಇಷ್ಟೇ ಇತ್ತು. ಉದ್ದ ಎಷ್ಟು, ಅಗಲ ಎಷ್ಟು ಎಂದು ಬರೆದಿರಲಿಲ್ಲ. ಹೊಂಡಗಳೆಲ್ಲ ಚೌಕಾಕಾರ, ಬದಿಯ ಅಳತೆ ಪೂರ್ತಿ ಮೀಟರ್‌ಗಳಲ್ಲೇ ಇರುತ್ತದೆ ಎಂಬುದಷ್ಟೇ ನಮಗೆ ಗೊತ್ತಿತ್ತು.

ಒಬ್ಬ ರೈತರ ಹೆಸರಿನ ಮುಂದೆ 342 ಎಂದಿತ್ತು. ಬಿಲ್ಲು ನಿಂತಿದ್ದದ್ದು ಅವರದೇ. ಯಾಕೆ ನಿಂತಿದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಆಗ ಹೈಸ್ಕೂಲಿನ ಲೆಕ್ಕದ ಮೇಷ್ಟ್ರ ಮಾತು ನೆನಪಾಯಿತು. ಪೂರ್ಣ ವರ್ಗ ಸಂಖ್ಯೆ ಯಾವತ್ತೂ 2ರಲ್ಲಿ ಮುಗಿಯುವುದಿಲ್ಲ ಎಂದು ಅವರು ಬೋರ್ಡಿನ ಮೇಲೆ ಬರೆಸಿದ್ದರು. ಹಾಗಾದರೆ 342 ಚದರ ಮೀಟರ್‌ನ ಚೌಕ ಹೊಂಡ ಇರಲು ಸಾಧ್ಯವೇ ಇಲ್ಲ. 18ನ್ನು 18ರಿಂದ ಗುಣಿಸಿದರೆ 324. ಯಾರೋ ಬರೆಯುವಾಗ ಕೊನೆಯ ಎರಡು ಅಂಕಿ ಅದಲುಬದಲು ಮಾಡಿದ್ದರು. ತೋರಿಸಿದೆವು, ತಿದ್ದಿದರು, ಕಡತ ಮುಂದೆ ಹೋಯಿತು.

ನಮಗೆ ಹೆಮ್ಮೆ ಆಯಿತು ಎಂದು ಬೇರೆ ಹೇಳಬೇಕಿಲ್ಲ. ಅಲ್ಲೇ ಕೂತು ಉಳಿದ ಸಾಲುಗಳನ್ನೂ ಅದೇ ಜರಡಿಗೆ ಹಾಕಿದೆವು. 100, 144, 225, 441. ಎಲ್ಲವೂ ಪಾಸು. ‘ಪಟ್ಟಿಯ ಉಳಿದ ಅಂಕಿಗಳು ಸರಿಯಾಗಿವೆ’ ಎಂದು ಸುದ್ದಿಯ ಕೊನೆಗೆ ಒಂದು ಸಾಲು ಬರೆದೆವು.

ಆ ಒಂದು ಸಾಲು ನಮ್ಮನ್ನು ಹೇಗೆ ಕಾಡಿತು ಎಂಬುದನ್ನು ಕೊನೆಗೆ ಹೇಳುತ್ತೇವೆ. ಅದಕ್ಕೆ ಮೊದಲು ಈ ಅಂಕಿಗಳ ಹಳೆಯ ಕಥೆ ಕೇಳಿ. ಆ ಕಥೆಯ ಒಂದು ತುದಿ ಸಾವಿರದ ನೂರೈವತ್ತು ವರ್ಷಗಳಾಚೆ ನಮ್ಮ ನಾಡಿನಲ್ಲೇ ಇದೆ. ಇನ್ನೊಂದು ತುದಿ ಫ್ರಾನ್ಸಿನಲ್ಲಿದೆ. 441 ಎಂಬ ಸಂಖ್ಯೆಯೇ ಅದರ ನಡುವೆ ಕೂತಿದೆ.

ಯಾವ ಅಂಕಿ ಬರುತ್ತದೆ, ಯಾವುದು ಬರುವುದಿಲ್ಲ

ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದು ವರ್ಗ. ಫೋನಿನ ಕ್ಯಾಲ್ಕುಲೇಟರ್ ತೆಗೆದು 1ರಿಂದ 10ರವರೆಗೆ ಮಾಡಿ ನೋಡಿ: 1, 4, 9, 16, 25, 36, 49, 64, 81, 100. ಕೊನೆಯ ಅಂಕಿ ಮಾತ್ರ ಬರೆದುಕೊಂಡರೆ 1, 4, 9, 6, 5, 6, 9, 4, 1, 0. ನಡುವಿನ 5ರ ಎರಡೂ ಕಡೆ ಕನ್ನಡಿ ಹಿಡಿದ ಹಾಗೆ ಇದೆ. 11ರಿಂದ ಮುಂದೆ ಹೋದರೂ ಇದೇ ಸಾಲು ಮತ್ತೆ ಮತ್ತೆ ಬರುತ್ತದೆ, ಏಕೆಂದರೆ ಗುಣಾಕಾರದ ಬಿಡಿ ಸ್ಥಾನ ತೀರ್ಮಾನವಾಗುವುದು ಬಿಡಿ ಸ್ಥಾನಗಳಿಂದಲೇ. ಹೀಗಾಗಿ 2, 3, 7, 8 ಇವು ಯಾವ ವರ್ಗದ ಕೊನೆಯಲ್ಲೂ ಬರುವುದಿಲ್ಲ. ಸಂಖ್ಯೆ ಎಷ್ಟೇ ದೊಡ್ಡದಿರಲಿ, ಬರುವುದಿಲ್ಲ.

ಕೊನೆಯ ಎರಡು ಅಂಕಿ ನೋಡಿದರೆ ಜರಡಿ ಇನ್ನೂ ಸಣ್ಣದಾಗುತ್ತದೆ. ವರ್ಗ 1, 4 ಅಥವಾ 9ರಲ್ಲಿ ಮುಗಿದರೆ ಅದರ ಹಿಂದಿನ ಅಂಕಿ ಸಮ ಇರಲೇಬೇಕು: 81, 64, 49, 121, 169. 6ರಲ್ಲಿ ಮುಗಿದರೆ ಹಿಂದಿನ ಅಂಕಿ ಬೆಸ: 16, 36, 196, 256. 5ರಲ್ಲಿ ಮುಗಿದರೆ ಹಿಂದೆ 2 ಮಾತ್ರ: 25, 225, 1225. ಸೊನ್ನೆ ಒಂಟಿಯಾಗಿ ಬರುವುದಿಲ್ಲ, ಜೋಡಿಯಾಗಿಯೇ ಬರಬೇಕು. 00ರಿಂದ 99ರವರೆಗೆ ನೂರು ಜೋಡಿಗಳಲ್ಲಿ ವರ್ಗದ ಕೊನೆಗೆ ಬರಬಲ್ಲವು 22 ಮಾತ್ರ. ಉಳಿದ 78 ಜೋಡಿ ಕಂಡರೆ ಕಣ್ಣು ಮುಚ್ಚಿ ‘ಇದು ವರ್ಗ ಅಲ್ಲ’ ಎನ್ನಬಹುದು.

ಆದರೆ ಗಮನಿಸಿ, ಇಲ್ಲಿರುವುದು ‘ಅಲ್ಲ’ ಎಂಬ ಮಾತು ಮಾತ್ರ. 24ರಲ್ಲಿ ಮುಗಿಯುವ 324 ವರ್ಗ, 24ರಲ್ಲಿ ಮುಗಿಯುವ 424 ವರ್ಗ ಅಲ್ಲ. ಜರಡಿಯಲ್ಲಿ ನಿಂತದ್ದು ಕಲ್ಲು ಎಂದು ಹೇಳಬಹುದು. ಕೆಳಗೆ ಬಿದ್ದದ್ದೆಲ್ಲ ರಾಗಿ ಎನ್ನಲಾಗದು.

ಅಮೋಘವರ್ಷನ ಕಾಲದ ಲೆಕ್ಕದ ಪುಸ್ತಕ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿ ದಂಡೆಯ ಮೇಲೆ ಮಳಖೇಡ ಇದೆ. ಇವತ್ತು ಅಲ್ಲಿ ಹೋದರೆ ಕಾಣುವುದು ಕೋಟೆಯ ಗೋಡೆ, ಸುತ್ತ ಮನೆಗಳು. 9ನೇ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ 814ರಿಂದ 878ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ಕನ್ನಡದಲ್ಲಿ ನಮಗೆ ಉಳಿದಿರುವ ಅತಿ ಹಳೆಯ ಗ್ರಂಥ ‘ಕವಿರಾಜಮಾರ್ಗ’ ಬಂದದ್ದು ಅವನ ಕಾಲದಲ್ಲಿ. ಅದು ನಮಗೆಲ್ಲ ಗೊತ್ತು, ಶಾಲೆಯಲ್ಲಿ ಓದಿದ್ದೇವೆ.

ಅದೇ ರಾಜನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಇನ್ನೊಂದು ಪುಸ್ತಕ ಬಂತು. ಅದರ ಹೆಸರು ‘ಗಣಿತಸಾರಸಂಗ್ರಹ’. ಬರೆದವರು ಮಹಾವೀರಾಚಾರ್ಯರು. ಜೈನ ವಿದ್ವಾಂಸರು, ಬರೆದದ್ದು ಸಂಸ್ಕೃತದಲ್ಲಿ. ಪುಸ್ತಕದ ಆರಂಭದಲ್ಲೇ ಅಮೋಘವರ್ಷನನ್ನು ಹೊಗಳಿದ್ದಾರೆ.

ಆ ಕಾಲದಲ್ಲಿ ಗಣಿತ ಸಾಮಾನ್ಯವಾಗಿ ಜ್ಯೋತಿಷ, ಗ್ರಹಗತಿಯ ಪುಸ್ತಕಗಳ ಒಳಗೆ ಒಂದೆರಡು ಅಧ್ಯಾಯವಾಗಿ ಇರುತ್ತಿತ್ತು. ಆರ್ಯಭಟ, ಬ್ರಹ್ಮಗುಪ್ತ ಇಬ್ಬರ ಗ್ರಂಥಗಳೂ ಹಾಗೇ. ಮಹಾವೀರಾಚಾರ್ಯರ ಪುಸ್ತಕ ಪೂರ್ತಿ ಲೆಕ್ಕಕ್ಕೇ ಮೀಸಲು. ಅಡುಗೆ, ವೈದ್ಯ, ಸಂಗೀತ, ನಾಟಕ, ಮನೆ ಕಟ್ಟುವುದು, ಛಂದಸ್ಸು, ಎಲ್ಲದಕ್ಕೂ ಲೆಕ್ಕ ಬೇಕು ಎಂದು ಮೊದಲೇ ಪಟ್ಟಿ ಮಾಡುತ್ತಾರೆ. ಒಂಬತ್ತು ಅಧ್ಯಾಯಗಳಲ್ಲಿ ಒಂದು ಬಡ್ಡಿ, ಪಾಲು, ಬೆರಕೆ ಲೆಕ್ಕಗಳಿಗೆ. ಒಂದು ಹೊಲದ ವಿಸ್ತೀರ್ಣಕ್ಕೆ. ಇನ್ನೊಂದು ಅಗೆತಕ್ಕೆ. ಮೇಲೆ ಅಗಲ, ತಳ ಕಿರಿದು ಇರುವ ಗುಂಡಿಯಿಂದ ಎಷ್ಟು ಮಣ್ಣು ಬರುತ್ತದೆ ಎಂದು ಲೆಕ್ಕ ಹಾಕುವ ಕ್ರಮ ಅದರಲ್ಲಿದೆ. ಇವತ್ತಿನ ಕೃಷಿ ಹೊಂಡದ ಆಕಾರವೂ ಅದೇ.

ವರ್ಗ ಮಾಡುವುದು ಹೇಗೆ ಎಂಬುದಕ್ಕೆ ಮಹಾವೀರಾಚಾರ್ಯರು ಹಲವು ದಾರಿ ಕೊಡುತ್ತಾರೆ. ಎರಡನ್ನು ಇಲ್ಲಿ ಹೇಳುತ್ತೇವೆ, ಮುಂದೆ ಫ್ರಾನ್ಸಿಗೆ ಹೋದಾಗ ಎರಡೂ ಬೇಕಾಗುತ್ತವೆ.

ಮೊದಲನೆಯದು ಬೆಸಸಂಖ್ಯೆಗಳನ್ನು ಕೂಡುವುದು. 1, ಅದಕ್ಕೆ 3 ಸೇರಿಸಿದರೆ 4, ಅದಕ್ಕೆ 5 ಸೇರಿಸಿದರೆ 9, ಅದಕ್ಕೆ 7 ಸೇರಿಸಿದರೆ 16. ಅಂಗಳದಲ್ಲಿ ಚುಕ್ಕಿ ಇಟ್ಟು ನೋಡಿ. ಮೂರು ಸಾಲು ಮೂರು ಚುಕ್ಕಿಯ ಚೌಕವನ್ನು ನಾಲ್ಕರ ಚೌಕ ಮಾಡಬೇಕಾದರೆ ಬಲಕ್ಕೆ 3, ಕೆಳಕ್ಕೆ 3, ಮೂಲೆಗೆ 1, ಒಟ್ಟು 7 ಚುಕ್ಕಿ ಬೇಕು. ಒಂದು ವರ್ಗದಿಂದ ಮುಂದಿನ ವರ್ಗಕ್ಕೆ ಹೋಗಲು ಮುಂದಿನ ಬೆಸಸಂಖ್ಯೆ ಸೇರಿಸಿದರೆ ಸಾಕು.

ಎರಡನೆಯದು ಬಾಯಿಲೆಕ್ಕಕ್ಕೆ ಹೇಳಿ ಮಾಡಿಸಿದ್ದು. 18ರ ವರ್ಗ ಬೇಕೆ? 18ಕ್ಕೆ 2 ಸೇರಿಸಿ, 20. 18ರಿಂದ 2 ಕಳೆಯಿರಿ, 16. 20 ಮತ್ತು 16 ಗುಣಿಸಿದರೆ 320. ಅದಕ್ಕೆ 2ರ ವರ್ಗ 4 ಸೇರಿಸಿ. 324. ಹೊಂಡದ ಲೆಕ್ಕ ಕಾಗದವಿಲ್ಲದೆ ಮುಗಿಯಿತು. 97ರ ವರ್ಗ ಬೇಕಿದ್ದರೆ 3 ಸೇರಿಸಿ 3 ಕಳೆಯಿರಿ: 100 ಗುಣಿಸು 94, ಅದಕ್ಕೆ 9 ಸೇರಿಸಿದರೆ 9409.

ಇನ್ನೊಂದು ಮಾತನ್ನೂ ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಸಾಲದ ಸಂಖ್ಯೆ, ಅಂದರೆ ಋಣಸಂಖ್ಯೆ, ಯಾವ ವರ್ಗವೂ ಆಗುವುದಿಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ. ಯಾವುದು ವರ್ಗ ಆಗಲಾರದು ಎಂದು ಹೇಳುವುದೂ ಲೆಕ್ಕದ ಕೆಲಸವೇ ಎಂಬುದು ಅವರಿಗೆ ಗೊತ್ತಿತ್ತು.

ರಾಜನ ಕೊರಳಿನ ಹಾರ

ಗುಣಾಕಾರ ಕಲಿಸುವಾಗ ಮಹಾವೀರಾಚಾರ್ಯರು ಕೆಲವು ವಿಚಿತ್ರ ಲೆಕ್ಕ ಕೊಡುತ್ತಾರೆ. ಉತ್ತರವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥವನ್ನು ಅವರು ಕೊರಳಿನ ಹಾರಕ್ಕೆ ಹೋಲಿಸಿ ‘ಕಂಠಿಕೆ’ ಎನ್ನುತ್ತಾರೆ. ಹಾರದಲ್ಲಿ ಮಣಿಗಳು ಎರಡು ಬದಿಯಿಂದಲೂ ಒಂದೇ ಕ್ರಮದಲ್ಲಿ ಕೂತಿರುತ್ತವಲ್ಲ, ಹಾಗೆ.

139 × 109 = 15151. 152207 × 73 = 11111111. 142857143 × 7 = 1000000001.

ಆ ಸಾಲಿನಲ್ಲಿ ಒಂದು ಲೆಕ್ಕ ಇದು: 27994681 × 441 = 12345654321.

ಈ ಉತ್ತರವನ್ನು ಅವರು ಅಂಕಿ ಅಂಕಿಯಾಗಿ ಬಿಡಿಸಿ ಹೇಳುವುದಿಲ್ಲ. ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ ಎನ್ನುತ್ತಾರೆ, ಅಷ್ಟೇ.

ನಮ್ಮ 441 ಇಲ್ಲಿ ಕೂತಿದೆ. 21ರ ವರ್ಗ 441. ಪಕ್ಕದ ಆ ಎಂಟಂಕಿಯ ಸಂಖ್ಯೆ ಏನು? 81ರಲ್ಲಿ ಮುಗಿಯುತ್ತದೆ, ಅಂದರೆ ಜರಡಿ ದಾಟಿತು. ಕ್ಯಾಲ್ಕುಲೇಟರ್‌ನಲ್ಲಿ ವರ್ಗಮೂಲ ತೆಗೆದರೆ ಸರಿಯಾಗಿ 5291 ಬರುತ್ತದೆ. ಅದೂ ವರ್ಗ! ಈಗ 21 ಮತ್ತು 5291 ಗುಣಿಸಿ. 111111 ಬರುತ್ತದೆ. ಹಾರದ ಗುಟ್ಟು ಬಯಲಾಯಿತು. ಆ ಉದ್ದನೆಯ ಉತ್ತರ ಆರು ಒಂದುಗಳ ಸಂಖ್ಯೆಯ ವರ್ಗ.

ಏಕೆ ಹೀಗೆ ಏರಿ ಇಳಿಯುತ್ತದೆ? 111111ನ್ನು ಅದರಿಂದಲೇ ಗುಣಿಸುವಾಗ ಅದೇ ಸಂಖ್ಯೆಯನ್ನು ಆರು ಸಲ, ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿಸಿ ಬರೆಯುತ್ತೇವೆ. ಬಲತುದಿಯ ಕಂಬದಲ್ಲಿ ಒಂದೇ ಒಂದು 1, ಅದರ ಪಕ್ಕ ಎರಡು, ನಡುವಿನ ಕಂಬದಲ್ಲಿ ಆರು, ಆಮೇಲೆ ಮತ್ತೆ ಕಡಿಮೆ. ಕೂಡಿದರೆ ಮೆಟ್ಟಿಲು ಹತ್ತಿ ಇಳಿದ ಹಾಗೆ 12345654321. ಎರಡು ಒಂದುಗಳಿಂದ ಶುರು ಮಾಡಿ ನೋಡಿ: 121, 12321, 1234321. ಒಂಬತ್ತು ಒಂದುಗಳವರೆಗೆ ಈ ಆಟ ನಡೆಯುತ್ತದೆ. ಹತ್ತನೆಯದಕ್ಕೆ ನಡುವಿನ ಕಂಬದಲ್ಲಿ 10 ಬಂದು ದಶಕ ಪಕ್ಕಕ್ಕೆ ಹೋಗುತ್ತದೆ, ಹಾರ ಹರಿಯುತ್ತದೆ. ಅಂಕಿಗಳ ಚಂದ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದಕ್ಕೂ ಹೀಗೆ ಕಾರಣ ಇದೆ.

ಇದು ಬರೀ ಚಮತ್ಕಾರವೆ? ನಮಗೆ ಹಾಗನ್ನಿಸುವುದಿಲ್ಲ. ಆಗಿನ ವಿದ್ಯಾರ್ಥಿ ಲೆಕ್ಕ ಮಾಡುತ್ತಿದ್ದದ್ದು ಧೂಳು ಹರಡಿದ ಹಲಗೆ ಮೇಲೆ. ಬರೆಯುತ್ತ, ಅಳಿಸುತ್ತ ಹೋಗಬೇಕು. ಕೊನೆಗೆ ಉಳಿಯುವುದು ಉತ್ತರ ಮಾತ್ರ. ನಡುವೆ ತಪ್ಪಿದರೆ ಎಲ್ಲಿ ತಪ್ಪಿತು ಎಂದು ಹಿಂದೆ ಹೋಗಿ ನೋಡಲು ಏನೂ ಇರುವುದಿಲ್ಲ. ಹಾರದ ಲೆಕ್ಕದಲ್ಲಿ ಉತ್ತರವೇ ಮೇಷ್ಟ್ರು. ಒಂದು ಮಣಿ ಆಚೀಚೆ ಆದರೂ ಹಾರ ಸೊಟ್ಟ ಕಾಣುತ್ತದೆ. ಪುಸ್ತಕ ನಕಲು ಮಾಡುವವರಿಗೂ ಅದೇ ಅನುಕೂಲ. ಶತಮಾನಗಟ್ಟಲೆ ಕೈಯಿಂದ ಕೈಗೆ ಓಲೆಗರಿಯಲ್ಲಿ ಸಾಗಿದ ಪುಸ್ತಕದಲ್ಲಿ ಒಂದು ಅಂಕಿ ತಪ್ಪಾದರೆ ಲೆಕ್ಕವೇ ಸತ್ತಂತೆ. ಏರಿ ಇಳಿಯುವ ಸಂಖ್ಯೆಯನ್ನು ತಪ್ಪಾಗಿ ನಕಲು ಮಾಡುವುದು ಕಷ್ಟ.

ಪುಸ್ತಕ ನಮ್ಮ ಕೈಗೆ ಬಂದ ದಾರಿ

‘ಗಣಿತಸಾರಸಂಗ್ರಹ’ ಬರೀ ಕಪಾಟಿನಲ್ಲಿ ಉಳಿಯಲಿಲ್ಲ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗು ಪದ್ಯಕ್ಕೆ ತಂದರು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದು, ಕನ್ನಡ ಬಲ್ಲವರಿಗೆ ಸಂಸ್ಕೃತವಿಲ್ಲದೆ ಲೆಕ್ಕದ ಪುಸ್ತಕ ಸಿಗುವಂತೆ ಮಾಡಿದರು.

ಆಧುನಿಕ ಕಾಲದಲ್ಲಿ ಮಹಾವೀರಾಚಾರ್ಯರನ್ನು ಮತ್ತೆ ಬೆಳಕಿಗೆ ತಂದವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು. ಹಲವು ಹಸ್ತಪ್ರತಿ ಹೋಲಿಸಿ, ಇಂಗ್ಲಿಷ್ ಅನುವಾದದ ಜೊತೆ 1912ರಲ್ಲಿ ಮುದ್ರಿಸಿದರು. ಅವರು ಬಳಸಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಶಿವಮೊಗ್ಗ ಜಿಲ್ಲೆಯ ಹೊಂಬುಜ ಜೈನ ಮಠ 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವಿರುವ ಆವೃತ್ತಿ ಹೊರತಂದಿತು. ಅಮೋಘವರ್ಷನ ಕಾಲದ ಲೆಕ್ಕ ಈಗ ಕನ್ನಡದಲ್ಲಿ ಓದಲು ಸಿಗುತ್ತದೆ.

ಒಂಬತ್ತರ ತಾಳೆ

ಧೂಳು ಹಲಗೆಯ ತೊಂದರೆಗೆ ಇನ್ನೊಂದು ಮದ್ದೂ ಸಿಕ್ಕಿತು. ಅಂಕಿಗಳನ್ನು ಕೂಡಿ, ಬಂದದ್ದನ್ನು ಮತ್ತೆ ಕೂಡಿ, ಒಂದೇ ಅಂಕಿಗೆ ಇಳಿಸುವುದು. 324 ಎಂದರೆ 3+2+4, ಅಂದರೆ 9. ಇದನ್ನು ಬಳಸಿ ಗುಣಾಕಾರ, ವರ್ಗ ಸರಿಯೋ ತಪ್ಪೋ ನೋಡುವ ಕ್ರಮ ಎರಡನೇ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲಿ ಇದೆ. ಆ ಗ್ರಂಥವನ್ನು ಸಾಮಾನ್ಯವಾಗಿ 10ನೇ ಶತಮಾನದ್ದೆಂದು ಎಣಿಸುತ್ತಾರೆ. 1356ರಲ್ಲಿ ‘ಗಣಿತಕೌಮುದಿ’ ಬರೆದ ನಾರಾಯಣ ಪಂಡಿತ ಒಂಬತ್ತೇ ಆಗಬೇಕಿಲ್ಲ, ಬೇರೆ ಸಂಖ್ಯೆಯಿಂದಲೂ ಹೀಗೆ ತಾಳೆ ನೋಡಬಹುದು ಎಂದು ತೋರಿಸಿದರು.

ಇದು ಕೆಲಸ ಮಾಡಲು ಕಾರಣ ಸರಳ. 10 ಎಂದರೆ 9ಕ್ಕೆ ಒಂದು ಹೆಚ್ಚು. 100 ಎಂದರೆ 99ಕ್ಕೆ ಒಂದು ಹೆಚ್ಚು. ಒಂಬತ್ತು ಒಂಬತ್ತಾಗಿ ತೆಗೆಯುತ್ತ ಹೋದರೆ ಪ್ರತಿ ನೂರಕ್ಕೂ, ಪ್ರತಿ ಹತ್ತಕ್ಕೂ ಒಂದೊಂದು ಉಳಿಯುತ್ತದೆ. ಆದ್ದರಿಂದ ಅಂಕಿಗಳ ಮೊತ್ತವೇ ಒಂಬತ್ತರ ಶೇಷ ತಿಳಿಸುತ್ತದೆ.

ವರ್ಗಗಳಿಗೆ ಇದನ್ನು ಹಚ್ಚಿದರೆ ಉಳಿಯುವುದು 1, 4, 7, 9 ಈ ನಾಲ್ಕೇ. 16 ಎಂದರೆ 7, 25 ಎಂದರೂ 7, 49 ಎಂದರೆ 13, ಅಂದರೆ 4, 64 ಎಂದರೆ 10, ಅಂದರೆ 1. 2, 3, 5, 6, 8 ಬಂದರೆ ಅದು ವರ್ಗ ಅಲ್ಲ. ಹೀಗೆ ಎರಡನೇ ಜರಡಿ ಸಿಕ್ಕಿತು. ಮೊದಲನೆಯದು ಬಾಲ ನೋಡುತ್ತದೆ, ಇದು ಇಡೀ ಮೈ ನೋಡುತ್ತದೆ.

ಆದರೆ ಈ ಜರಡಿಗೂ ಒಂದು ತೂತು ಇದೆ. ಅಂಕಿಗಳ ಸ್ಥಾನ ಬದಲಾದರೆ ಮೊತ್ತ ಬದಲಾಗುವುದಿಲ್ಲ. 342 ಕೂಡಿದರೂ 9, 324 ಕೂಡಿದರೂ 9. ಹಾಗಾಗಿ ಅದಲುಬದಲಿನ ತಪ್ಪು ಇದರ ಕಣ್ಣಿಗೆ ಬೀಳದು. ಅದಲುಬದಲಾದ ಎರಡು ಸಂಖ್ಯೆಗಳ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 342ರಿಂದ 324 ಕಳೆದರೆ 18. ದಿನದ ಲೆಕ್ಕ ತಾಳೆಯಾಗದೆ ವ್ಯತ್ಯಾಸ 9ರಿಂದ ಭಾಗವಾದರೆ, ಮೊದಲು ಅದಲುಬದಲಾದ ಅಂಕಿ ಹುಡುಕಿ ಎಂದು ಹಳೆಯ ಲೆಕ್ಕಿಗರು ಹೇಳುವುದು ಇದಕ್ಕೇ.

ಫ್ರಾನ್ಸಿನ ನ್ಯಾಯಾಲಯದ ಮನುಷ್ಯ

ಈಗ ದೂರದ ತುದಿಗೆ ಹೋಗೋಣ. 17ನೇ ಶತಮಾನದ ಫ್ರಾನ್ಸ್, ತೂಲೂಸ್ ನಗರ. ಪಿಯರ್ ದ ಫರ್ಮಾ ಅಲ್ಲಿನ ನ್ಯಾಯಾಲಯದಲ್ಲಿ ಸದಸ್ಯರಾಗಿದ್ದವರು. ಕಸುಬು ಕಾನೂನು, ಹುಚ್ಚು ಗಣಿತ. ಪುಸ್ತಕ ಪ್ರಕಟಿಸುವ ಗೋಜಿಗೆ ಹೋಗದೆ ತಮಗೆ ತೋಚಿದ್ದನ್ನು ಪತ್ರಗಳಲ್ಲಿ ಬರೆದು ಕಳಿಸುತ್ತಿದ್ದರು. 1643ರ ಸುಮಾರಿನ ಒಂದು ಪತ್ರದಲ್ಲಿ ದೊಡ್ಡ ಸಂಖ್ಯೆಯೊಂದನ್ನು ಎರಡು ಭಾಜಕಗಳಾಗಿ ಒಡೆಯುವ ತಮ್ಮ ಉಪಾಯವನ್ನು ವಿವರಿಸಿದರು. ಉದಾಹರಣೆಗೆ ತೆಗೆದುಕೊಂಡ ಸಂಖ್ಯೆ 2027651281.

ಈ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆ ಎಂದು 3, 7, 11, 13 ಎಂದು ಒಂದೊಂದಾಗಿ ನೋಡುತ್ತ ಹೋದರೆ ಕೈಲೆಕ್ಕದಲ್ಲಿ ದಿನಗಟ್ಟಲೆ ಬೇಕು. ಫರ್ಮಾ ಬೇರೆ ದಾರಿ ಹಿಡಿದರು. ಒಂದು ವರ್ಗದಿಂದ ಈ ಸಂಖ್ಯೆಯನ್ನು ಕಳೆದಾಗ ಇನ್ನೊಂದು ವರ್ಗ ಉಳಿದರೆ ಕೆಲಸ ಮುಗಿಯಿತು. ಏಕೆ? ಮೇಲೆ 18ರ ಲೆಕ್ಕ ನೆನಪಿಸಿಕೊಳ್ಳಿ. 18ರ ವರ್ಗದಿಂದ 2ರ ವರ್ಗ ಕಳೆದರೆ 20 × 16. ಎರಡು ವರ್ಗಗಳ ವ್ಯತ್ಯಾಸ ತಾನಾಗಿಯೇ ಎರಡು ತುಂಡಾಗುತ್ತದೆ. ಮಹಾವೀರಾಚಾರ್ಯರು ವರ್ಗ ಕಟ್ಟಲು ಬಳಸಿದ ಸಂಬಂಧವನ್ನೇ ಫರ್ಮಾ ಸಂಖ್ಯೆ ಒಡೆಯಲು ಬಳಸಿದರು. ಇವರ ಪುಸ್ತಕ ಅವರ ಕೈಗೆ ಹೋಗಿತ್ತು ಎಂದು ನಾವು ಹೇಳುತ್ತಿಲ್ಲ. ಲೆಕ್ಕದ ದಾರಿ ಒಂದೇ ಇದ್ದಾಗ ಬೇರೆ ಬೇರೆ ಊರಿನವರು ಅದರ ಮೇಲೆ ನಡೆಯುತ್ತಾರೆ.

ಆ ಸಂಖ್ಯೆಗಿಂತ ದೊಡ್ಡದಾದ ಮೊದಲ ವರ್ಗ 45030ರದು. ಅದರಿಂದ ಸಂಖ್ಯೆಯನ್ನು ಕಳೆದರೆ ಉಳಿಯುವುದು 49619. ಇದು ವರ್ಗವೆ? ಫರ್ಮಾ ವರ್ಗಮೂಲ ತೆಗೆಯಲು ಕೂರಲಿಲ್ಲ. 19ರಲ್ಲಿ ಮುಗಿಯುವ ವರ್ಗ ಇಲ್ಲ ಎಂದು ಬರೆದು ಮುಂದೆ ಹೋದರು. ಮುಂದಿನ ವರ್ಗಕ್ಕೆ ಹೋಗಲು ಮತ್ತೆ ಗುಣಾಕಾರವೂ ಬೇಡ, ಮುಂದಿನ ಬೆಸಸಂಖ್ಯೆ ಸೇರಿಸಿದರೆ ಆಯಿತು. 49619ಕ್ಕೆ 90061 ಸೇರಿಸಿದರೆ 139680. ಆಮೇಲೆ 90063 ಸೇರಿಸಬೇಕು. ಆಮೇಲೆ 90065.

ನಾವೇ ಒಂದು ಸಂಜೆ ಕೂತು ಪೂರ್ತಿ ಮಾಡಿ ನೋಡಿದೆವು. ಉಳಿಕೆಗಳು ಕ್ರಮವಾಗಿ ಹೀಗಿವೆ: 49619, 139680, 229743, 319808, 409875, 499944, 590015, 680088, 770163, 860240, 950319, 1040400.

ಈಗ ನೀವೇ ಜರಡಿ ಹಿಡಿಯಿರಿ. 19, ಇಲ್ಲ. 80, ಒಂಟಿ ಸೊನ್ನೆ, ಇಲ್ಲ. 43, ಇಲ್ಲ. 08, ಇಲ್ಲ. 75, ಇಲ್ಲ. 44, ಇದು ದಾಟಿತು. ಇದಕ್ಕೆ ಒಂಬತ್ತರ ತಾಳೆ ಹಾಕಿ: 4+9+9+9+4+4 ಎಂದರೆ 39, ಅದು 12, ಅದು 3. ಇಲ್ಲ. 15, 88, 63, 40, 19 ಎಲ್ಲವೂ ಇಲ್ಲ. ಹನ್ನೊಂದು ಸಂಖ್ಯೆಗಳು ಒಂದೂ ವರ್ಗಮೂಲ ತೆಗೆಯದೆ ಹೊರಬಿದ್ದವು. ಹನ್ನೆರಡನೆಯದು 1040400. ಕೊನೆಗೆ ಜೋಡಿ ಸೊನ್ನೆ. ಅಂಕಿ ಕೂಡಿದರೆ 9. ಎರಡೂ ಜರಡಿ ದಾಟಿತು. ಆಗ ಮಾತ್ರ ಮೂಲ ತೆಗೆಯಬೇಕು: 1020 × 1020. ಸಿಕ್ಕಿತು. ಆ ಹಂತದಲ್ಲಿ ದೊಡ್ಡ ವರ್ಗ 45041ರದು. ಅದಕ್ಕೆ 1020 ಸೇರಿಸಿದರೆ 46061, ಕಳೆದರೆ 44021. ಗುಣಿಸಿ ನೋಡಿ, 2027651281.

ನಿಮ್ಮ ಫೋನಿನೊಳಗಿನ ಬೀಗ

ಇದು ಹಳೆ ಕಾಲದ ಆಟ ಎಂದು ಬಿಡುವ ಹಾಗಿಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಗುಟ್ಟಿನ ಬರಹದ ಒಂದು ವಿಧಾನ ಕಂಡುಹಿಡಿದರು. ಅವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಆರ್‌ಎಸ್‌ಎ ಎನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ನಮ್ಮ ಮಾಹಿತಿ ಕಾಯುವ ಬೀಗಗಳಲ್ಲಿ ಅದೂ ಒಂದು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆ ಗುಣಿಸುವುದು ಸುಲಭ, ಬಂದ ಉತ್ತರವನ್ನು ಮತ್ತೆ ಒಡೆಯುವುದು ಬಹಳ ಕಷ್ಟ. ಬೀಗದ ಬಲ ಅಲ್ಲಿದೆ. ಆದರೆ ಆ ಎರಡು ಸಂಖ್ಯೆ ಒಂದಕ್ಕೊಂದು ತೀರಾ ಹತ್ತಿರ ಇದ್ದರೆ ಫರ್ಮಾ ಉಪಾಯ ಕೆಲವೇ ಹೆಜ್ಜೆಗಳಲ್ಲಿ ಬೀಗ ಒಡೆಯುತ್ತದೆ, ಮೇಲೆ ಹನ್ನೆರಡೇ ಹೆಜ್ಜೆಯಲ್ಲಿ ಒಡೆದ ಹಾಗೆ. ಆದ್ದರಿಂದ ಬೀಗ ಮಾಡುವಾಗ ಎರಡು ಸಂಖ್ಯೆಗಳ ನಡುವೆ ಸಾಕಷ್ಟು ದೂರ ಇಡಬೇಕು ಎಂಬ ಎಚ್ಚರಿಕೆ ಇದೆ.

441 ನಮ್ಮನ್ನು ಹಿಡಿದದ್ದು

ಈಗ ಆ ಊರಿಗೆ ವಾಪಸ್ ಬರೋಣ. ನಮ್ಮ ಸುದ್ದಿ ಬಂದು ಕೆಲವು ತಿಂಗಳಾದ ಮೇಲೆ ಅದೇ ಊರಿನಿಂದ ಫೋನ್ ಬಂತು. ಒಬ್ಬ ವಯಸ್ಸಾದ ರೈತ ಮಹಿಳೆ. ಅವರ ಹೊಂಡ ಅಳೆಯಲು ಬಂದವರು, ಕಾಗದದಲ್ಲಿರುವಷ್ಟು ಜಾಗ ಇಲ್ಲಿಲ್ಲ, ಕಡಿಮೆ ತೋಡಿ ಹೆಚ್ಚು ತೋರಿಸಿದ್ದೀರಿ ಎಂದು ಹೇಳಿ ಹೋಗಿದ್ದರಂತೆ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಇದ್ದದ್ದು 441.

ನಾವು ಟೇಪು ಹಿಡಿದು ಹೋದೆವು. ಒಂದು ಬದಿ 12 ಮೀಟರ್, ಇನ್ನೊಂದು ಬದಿ 12 ಮೀಟರ್. ಅಂದರೆ 144. ಯಾರೋ 144ನ್ನು ತಿರುಗಿಸಿ 441 ಬರೆದಿದ್ದರು. 12 ತಿರುಗಿಸಿದರೆ 21, 12ರ ವರ್ಗ ತಿರುಗಿಸಿದರೆ 21ರ ವರ್ಗ! ಲೆಕ್ಕದ ಪುಸ್ತಕದಲ್ಲಿ ಓದಿದ್ದರೆ ಖುಷಿಪಡುತ್ತಿದ್ದೆವು. 441ರ ಕೊನೆಯ ಅಂಕಿ 1, ಹಿಂದಿನದು ಸಮ, ಮೊತ್ತ 9. ಯಾವ ಜರಡಿಯಲ್ಲೂ ನಿಲ್ಲುವುದಿಲ್ಲ. ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡಗಳ ಅಳತೆ 10, 12, 15, 18, 21 ಮೀಟರ್ ಬದಿ ಎಂದು ಆಮೇಲೆ ತಿಳಿಯಿತು. ಆ ಪಟ್ಟಿ ಮೊದಲೇ ಗೊತ್ತಿದ್ದರೂ ತಪ್ಪು ಸಿಗುತ್ತಿರಲಿಲ್ಲ, ಎರಡೂ ಅಳತೆ ಅದರಲ್ಲಿ ಇವೆ.

ಆ ತಾಯಿ ಕೇಳಿದ ಪ್ರಶ್ನೆ ಇಷ್ಟೇ: ‘ಎಲ್ಲ ಸರಿ ಇದೆ ಅಂತ ನೀವೇ ಬರೆದಿದ್ದಿರಲ್ಲ?’

ಬರೆದದ್ದು ನಾವೇ. ಅವರ ಹೊಲಕ್ಕೆ ಕಾಲಿಟ್ಟಿರಲಿಲ್ಲ, ಹೊಂಡ ನೋಡಿರಲಿಲ್ಲ, ಅಳತೆ ಹಾಕಿರಲಿಲ್ಲ. ಕಾಗದದ ಮೇಲಿನ ಅಂಕಿಯನ್ನು ಕಾಗದದ ಮೇಲೇ ಪರೀಕ್ಷಿಸಿ ‘ಸರಿ’ ಎಂಬ ಸರ್ಟಿಫಿಕೇಟ್ ಕೊಟ್ಟಿದ್ದೆವು. ಜರಡಿ ಹೇಳಿದ್ದು ‘ತಪ್ಪು ಕಾಣಲಿಲ್ಲ’ ಎಂದು. ನಾವು ಅದನ್ನು ‘ತಪ್ಪು ಇಲ್ಲ’ ಎಂದು ಓದಿದೆವು.

ಪಕ್ಕದ ಹೊಲದವರ ಎದುರಿಗೆ ಮತ್ತೆ ಅಳೆದು, ಫೋಟೊ ತೆಗೆದು, ನಮ್ಮ ತಪ್ಪನ್ನು ಒಪ್ಪಿಕೊಂಡು ತಿದ್ದುಪಡಿ ಬರೆದೆವು. ಅವರ ಕಡತ ಸರಿಯಾಗಲು ಹಲವು ತಿಂಗಳು ಬೇಕಾಯಿತು. ಅಷ್ಟು ದಿನ ಊರಿನಲ್ಲಿ ಅವರು ಕೇಳಿದ ಮಾತುಗಳನ್ನು ಯಾವ ತಿದ್ದುಪಡಿಯೂ ವಾಪಸ್ ತೆಗೆದುಕೊಳ್ಳಲಾರದು.

ಅಂಕಿಗಳ ಜರಡಿ ಕೆಲಸಕ್ಕೆ ಬಾರದ್ದು ಎಂದು ಇದರ ಅರ್ಥವಲ್ಲ. 342ನ್ನು ಹಿಡಿದದ್ದು ಅದೇ. ಫರ್ಮಾ ಹನ್ನೊಂದು ಸಲ ವರ್ಗಮೂಲ ತೆಗೆಯುವ ಶ್ರಮ ಉಳಿಸಿಕೊಂಡದ್ದೂ ಅದರಿಂದಲೇ. ಆದರೆ ಹನ್ನೆರಡನೆಯ ಸಂಖ್ಯೆಗೆ ಅವರೂ ಮೂಲ ತೆಗೆಯಲೇಬೇಕಿತ್ತು. ಜರಡಿ ದಾಟಿ ಬಂದದ್ದನ್ನು ಒಬ್ಬರು ಕೂತು ಅಳೆಯಲೇಬೇಕು.

ಈಗ ನಾವು ಸುದ್ದಿಗೆ ಹೋಗುವಾಗ ಚೀಲದಲ್ಲಿ 30 ಮೀಟರ್‌ನ ಟೇಪು ಇರುತ್ತದೆ. ಪಟ್ಟಿ ಸಿಕ್ಕರೆ ಮೊದಲು ಕೊನೆಯ ಅಂಕಿ ನೋಡುತ್ತೇವೆ, ಆಮೇಲೆ ಕೂಡಿ ನೋಡುತ್ತೇವೆ. ಎರಡೂ ಸರಿ ಬಂದರೆ ಹೊಲಕ್ಕೆ ಹೋಗುತ್ತೇವೆ.